ಹಗೆಯ ನುಡಿಯನ್ನು ಕಲಿತವರು

ಮನುಷ್ಯನು ಪರಭಾಷೆಯೊಂದನ್ನು ಕಲಿಯುವುದಕ್ಕೆ ಪ್ರೇರಣೆಗಳು ಹಲವು. ಜ್ಞಾನದಾಹ ಒಂದು, ಹೊಟ್ಟೆಪಾಡು ಮತ್ತೊಂದು. ಆದರೆ ಭಯವೂ ಒಂದು ಭಾಷೆಯನ್ನು ವಿಶ್ವವಿದ್ಯಾನಿಲಯದ ಹೊಸ್ತಿಲು ದಾಟಿಸಬಲ್ಲುದೆಂಬುದಕ್ಕೆ ಇಂಗ್ಲೆಂಡಿನಲ್ಲಿ ರಷ್ಯನ್ ವ್ಯಾಸಂಗ ಬೆಳೆದ ಬಗೆಯೇ ನಿದರ್ಶನ.

1945ರವರೆಗೆ ರಣರಂಗದಲ್ಲಿ ಮಿತ್ರನಾಗಿದ್ದ ರಷ್ಯವು ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಪಾಲಿಗೆ ಹಗೆಯಾಯಿತು. ಹಗೆಯ ಮಾತು ಬಲ್ಲವರು ಸೈನ್ಯದಲ್ಲಿ ತೀರ ಕಡಿಮೆ. ಆಗ ಆ ದೇಶದ ತರುಣರು ಹದಿನೆಂಟು ತುಂಬಿದೊಡನೆ ಎರಡು ವರ್ಷ ಕಡ್ಡಾಯವಾಗಿ ಸೇನಾಸೇವೆ ಸಲ್ಲಿಸಬೇಕಾಗಿದ್ದಿತು. ಅವರಲ್ಲಿ ಭಾಷಾಭ್ಯಾಸದಲ್ಲಿ ಚುರುಕಾದವರನ್ನು ಆರಿಸಿ ರಷ್ಯನ್ ಕಲಿಸುವ ಶಾಲೆಗಳನ್ನು 1951ರಲ್ಲಿ ತೆರೆದರು. ಕಾರ್ನ್‌ವಾಲಿನ ಬಾಡ್ಮಿನ್, ಲಂಡನ್ನಿನ ಬಳಿಯ ಕೌಲ್ಸ್‌ಡನ್, ಮುಂದೆ ಸ್ಕಾಟ್ಲೆಂಡಿನ ಕ್ರೇಲ್ ಇವು ಅದರ ಠಾವುಗಳು. ಅಲ್ಲಿ ಮೇಲ್ಮಟ್ಟದವರೆನಿಸಿದವರನ್ನು ಲಂಡನ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳಿಗೆ ಕಳುಹುತ್ತಿದ್ದರು. ಪರೀಕ್ಷೆಯ ಮೇಲೆ ಪರೀಕ್ಷೆ. ಹಿಂದೆ ಬಿದ್ದವನು ಪುಸ್ತಕ ಕೆಳಗಿಟ್ಟು ಮರಳಿ ಕವಾಯತಿಗೆ ಹೋಗಬೇಕು. 1953ರ ನಡುವಿನವರೆಗೂ ಕೊರಿಯಾದಲ್ಲಿ ಯುದ್ಧ ನಡೆದಿತ್ತೆಂಬುದನ್ನು ನೆನೆದರೆ, ಆ ಹುಡುಗರು ಕ್ರಿಯಾಪದಗಳನ್ನು ಅಷ್ಟು ಭಕ್ತಿಯಿಂದ ಉರು ಹಚ್ಚಿದ್ದು ಏತಕ್ಕೆಂದು ತಿಳಿಯುತ್ತದೆ.

ಕೇಂಬ್ರಿಜ್‌ನಲ್ಲಿ ಈ ವ್ಯಾಸಂಗದ ಚುಕ್ಕಾಣಿ ಹಿಡಿದಿದ್ದವರು ಎಲಿಜಬೆತ್ ಹಿಲ್. 1900ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಇವರ ತಂದೆ ಆಂಗ್ಲರು, ತಾಯಿ ರಷ್ಯನ್ನರು. 1917ರ ಕ್ರಾಂತಿಯ ಬಿರುಗಾಳಿ ಈ ಕುಟುಂಬವನ್ನು ಇಂಗ್ಲೆಂಡಿಗೆ ತಂದೆಸೆಯಿತು. ಸಂಪತ್ತೆಲ್ಲ ಅಲ್ಲಿಯೇ ಉಳಿದು, ಗಡಿ ದಾಟಿ ಬಂದದ್ದು ಮಾತು ಮಾತ್ರ. ಆ ಮಾತಿನ ಬಲದಿಂದಲೇ ಅವರು ಲಂಡನ್ನಿನಲ್ಲಿ ಪದವಿ ಪಡೆದು, 1936ರಲ್ಲಿ ಕೇಂಬ್ರಿಜ್‌ನ ಅಧ್ಯಾಪಕಿಯಾಗಿ, 1948ರಲ್ಲಿ ಅಲ್ಲಿನ ಸ್ಲಾವ್ ಭಾಷಾಧ್ಯಯನದ ಪ್ರಥಮ ಪ್ರಾಧ್ಯಾಪಕರಾದರು. ಅವರ ಜೊತೆಗೂ ಸೈನ್ಯದ ಶಾಲೆಗಳಲ್ಲಿಯೂ ಪಾಠ ಹೇಳಿದವರಲ್ಲಿ ಬಹುಮಂದಿ ಇಂಥ ದೇಶಭ್ರಷ್ಟರೇ. ಒಂದು ಕಾಲಕ್ಕೆ ಜಮೀನ್ದಾರಿಕೆ, ಅಧಿಕಾರ, ಬಿರುದು ಎಲ್ಲವನ್ನೂ ಕಂಡಿದ್ದವರು ಈಗ ಕರಿಹಲಗೆಯ ಮುಂದೆ ನಿಂತು ಹದಿನೆಂಟರ ಹುಡುಗರ ಉಚ್ಚಾರಣೆಯನ್ನು ತಿದ್ದುತ್ತಿದ್ದರು.

ಆ ಹುಡುಗರ ಪಾಡನ್ನು ಕನ್ನಡಿಗರು ಊಹಿಸುವುದು ಸ್ವಲ್ಪ ಕಷ್ಟ. ರಷ್ಯನ್ನಿನಲ್ಲಿ ವಿಭಕ್ತಿಗಳು ಆರು. ನಾಮಪದದ ಕೊನೆ ಹೀಗೆ ಮಾರ್ಪಡುವುದು ಇಂಗ್ಲಿಷ್ ಮನೆಮಾತಿನವರಿಗೆ ಸೋಜಿಗ; ನಮ್ಮ ಮಗುವಾದರೋ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ‘ಮರವನ್ನು, ಮರದಿಂದ, ಮರಕ್ಕೆ’ ಎಂದು ಸರಾಗವಾಗಿ ನುಡಿಯುತ್ತದೆ. ‘ಅವನು ವಿದ್ಯಾರ್ಥಿ’ ಎಂದರೆ ಕನ್ನಡದಲ್ಲಿ ವಾಕ್ಯ ಪೂರ್ಣವಾಯಿತು, ಕ್ರಿಯಾಪದ ಬೇಡ. ರಷ್ಯನ್ನಿನಲ್ಲಿಯೂ ಅದೇ ರೀತಿ. ನೀನು, ನೀವು ಎಂಬ ಭೇದ ಅಲ್ಲಿಯೂ ಉಂಟು. ಹಿರಿಯರನ್ನು ಕರೆಯುವಾಗ ಅವರ ಹೆಸರಿನೊಡನೆ ತಂದೆಯ ಹೆಸರನ್ನೂ ಸೇರಿಸಿ ಕರೆಯುವುದು ಮರ್ಯಾದೆ. ಆಂಗ್ಲ ತರುಣನು ಭಾಷೆಯೊಡನೆ ಈ ಮರ್ಯಾದೆಯನ್ನೂ ಕಲಿಯಬೇಕಾಯಿತು. ಸಂಸ್ಕೃತ ಬಲ್ಲವನಿಗಂತೂ ಆ ನಿಘಂಟಿನಲ್ಲಿ ಬಂಧುಗಳೇ ಎದುರಾಗುತ್ತಾರೆ: ಭ್ರಾತೃ ಅಲ್ಲಿ ‘ಬ್ರಾತ್’, ವಿಧವೆ ‘ವ್ದವಾ’, ಅಗ್ನಿ ‘ಅಗೋನ್’, ಹಿಮಕ್ಕೆ ಸಗೋತ್ರವಾದ ‘ಜಿಮಾ’ ಎಂದರೆ ಚಳಿಗಾಲ.

ಕ್ರಿಯಾಪದದ ವಿಷಯ ಬೇರೆ. ಅಲ್ಲಿ ಪ್ರಾಯಶಃ ಪ್ರತಿಯೊಂದು ಕ್ರಿಯೆಗೂ ಎರಡು ಮುಖ. ‘ಓದುತ್ತಿದ್ದನು’ ಎಂಬುದಕ್ಕೆ ಒಂದು ರೂಪ, ‘ಓದಿ ಮುಗಿಸಿದನು’ ಎಂಬುದಕ್ಕೆ ಇನ್ನೊಂದು. ಕಾಲಕ್ಕಿಂತ ಕಾರ್ಯದ ಪೂರ್ಣತೆ ಅಪೂರ್ಣತೆಗಳೇ ಅಲ್ಲಿ ಮುಖ್ಯ. ಇದನ್ನು ಸೂತ್ರದಿಂದ ಕಲಿತವರಿಲ್ಲ; ಕೇಳಿ ಕೇಳಿ ಕಿವಿ ಪಳಗಬೇಕು. ನಾಟಕಗಳನ್ನು ಆಡಿಸಿ, ಹಾಡುಗಳನ್ನು ಮೇಳದಲ್ಲಿ ಹಾಡಿಸಿ ಆ ಗುರುಗಳು ಕಿವಿಯನ್ನು ಪಳಗಿಸಿದರು.

ಇತಿಹಾಸವೂ ಶಬ್ದಗಳಲ್ಲಿಯೇ ಅಡಗಿದ್ದಿತು. ಪಟ್ಟಣಕ್ಕೆ ರಷ್ಯನ್ನರ ಸ್ವಂತ ಮಾತು ‘ಗೋರದ್’. 988ರಲ್ಲಿ ಕೀವಿನ ಅರಸು ವ್ಲಾದಿಮಿರನು ಕ್ರೈಸ್ತಮತವನ್ನು ಸ್ವೀಕರಿಸಿದ ತರುವಾಯ ಧರ್ಮಗ್ರಂಥಗಳ ಭಾಷೆಯಿಂದ ಬಂದುದು ‘ಗ್ರಾದ್’. ನವ್ಗೊರದ್ ಎಂಬಲ್ಲಿ ಮೊದಲನೆಯದು, ಲೆನಿನ್‌ಗ್ರಾದ್ ಎಂಬಲ್ಲಿ ಎರಡನೆಯದು. ನಮ್ಮ ದೇಶ್ಯ ಮತ್ತು ತತ್ಸಮ ಶಬ್ದಗಳು ಒಂದೇ ವಾಕ್ಯದಲ್ಲಿ ಕುಳಿತಿರುವಂತೆ ಅಲ್ಲಿಯೂ ಎರಡು ಪದರಗಳು. ಧರ್ಮವನ್ನು ದೂರವಿಟ್ಟ ಸರ್ಕಾರವೇ ತನ್ನ ನಾಯಕನ ಹೆಸರಿನ ನಗರಕ್ಕೆ ಧರ್ಮಭಾಷೆಯ ಪ್ರತ್ಯಯವನ್ನು ಹಚ್ಚಿದುದು ವಿನೋದವಲ್ಲವೆ! 1918ರಲ್ಲಿ ಹೊಸ ಸರ್ಕಾರವು ಲಿಪಿಯಿಂದ ಕೆಲವು ಅಕ್ಷರಗಳನ್ನು ತೆಗೆದುಹಾಕಿದಾಗ, ಹೊರನಾಡುಗಳಿಗೆ ಹೋದ ಅನೇಕರು ಹಳೆಯ ಬರವಣಿಗೆಯನ್ನೇ ಹಟದಿಂದ ಉಳಿಸಿಕೊಂಡರು. ಮನೆ ಹೋಯಿತು, ಅಕ್ಷರವಾದರೂ ಇರಲಿ ಎಂಬ ಆ ಹಟವನ್ನು ನಗುವುದು ಸಲ್ಲದು.

ಸೈನ್ಯಕ್ಕೆ ಬೇಕಾಗಿದ್ದುದು ಶತ್ರುಪಕ್ಷದ ರೇಡಿಯೊ ಮಾತುಗಳನ್ನು ಆಲಿಸಿ ಬರೆದುಕೊಳ್ಳುವ ಕಿವಿ, ಬಂದಿಗಳನ್ನು ಪ್ರಶ್ನಿಸಬಲ್ಲ ನಾಲಗೆ. ಅದಕ್ಕಾಗಿ ಟ್ಯಾಂಕು, ಫಿರಂಗಿ, ವಿಮಾನಗಳ ಪಾರಿಭಾಷಿಕ ಪದಗಳನ್ನು ಗಟ್ಟಿಮಾಡಿಸಿದರು. ಆದರೆ ಗುರುಗಳು ಕೊಟ್ಟದ್ದು ಅಷ್ಟನ್ನೇ ಅಲ್ಲ. ಪುಷ್ಕಿನ್, ತಾಲ್ಸ್ತಾಯ್, ಚೆಕೋವರ ನಾಡನ್ನೂ ಅವರು ಶಿಷ್ಯರ ಮುಂದೆ ತೆರೆದಿಟ್ಟರು. ಹಗೆಯ ನುಡಿಯೆಂದು ಕಲಿಯಹೊರಟವರು ಆ ನುಡಿಗೆ ಒಲಿದುಬಿಟ್ಟರು. ಭಯ ಕರೆತಂದ ವಿದ್ಯೆಗೆ ಭಯದ ಹಂಗು ಉಳಿಯಲಿಲ್ಲ.

1960ರಲ್ಲಿ ಆ ಶಾಲೆಗಳು ಮುಚ್ಚಿಹೋದವು. ಅಷ್ಟರಲ್ಲಿ ಅಲ್ಲಿ ಕಲಿತು ಹೋದವರು ಸಾವಿರಾರು ಮಂದಿ. ಕೆಲವರು ರಷ್ಯನ್ ಬೋಧಕರಾದರು, ಕೆಲವರು ಲೇಖಕರಾದರು. ಡಿ. ಎಂ. ಥಾಮಸ್ ಅನ್ನಾ ಅಖ್ಮಾತೊವಾ ಅವರ ಕವಿತೆಗಳನ್ನು ಇಂಗ್ಲಿಷಿಗೆ ತಂದರು. ಕೇಂಬ್ರಿಜ್‌ನಲ್ಲಿ ಕಲಿತ ಮೈಕೆಲ್ ಫ್ರೇನ್ ಚೆಕೋವರ ನಾಟಕಗಳನ್ನು ಮೂಲದಿಂದಲೇ ಅನುವಾದಿಸಿದರು. ಮನೆ ತೋಟಗಳನ್ನು ಕಳೆದುಕೊಳ್ಳುವ ಕುಟುಂಬದ ಕಥೆಯಾದ ‘ಚೆರ್ರಿ ತೋಟ’ ಅವರ ಅನುವಾದದಲ್ಲಿ 1978ರಲ್ಲಿ ಲಂಡನ್ನಿನ ರಾಷ್ಟ್ರೀಯ ರಂಗಮಂದಿರವನ್ನೇರಿತು. ತಮ್ಮ ತೋಟಗಳನ್ನು ಕಳೆದುಕೊಂಡು ಬಂದಿದ್ದ ಆ ಮುದಿ ಅಧ್ಯಾಪಕರಲ್ಲಿ ಎಷ್ಟು ಮಂದಿ ಅಷ್ಟು ಹೊತ್ತಿಗೆ ಬದುಕಿದ್ದರೋ! ಎಲಿಜಬೆತ್ ಹಿಲ್ ಬದುಕಿದ್ದರು. 1968ರಲ್ಲಿ ನಿವೃತ್ತರಾದ ಅವರು 1996ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು.