ಎಲ್ಲಿಯ ನೀರು?

ಪ್ರವಾಸದ ಬಗ್ಗೆ ನಾಲ್ಕು ಸಾಲು ಬರೆದುಕೊಡಿ ಎಂದು ಸಂಪಾದಕರು ಬಹಳ ದಿನಗಳಿಂದ ಕೇಳುತ್ತಿದ್ದಾರೆ. ಪ್ರವಾಸ ಹೋಗಿದ್ದೆವು, ನಿಜ. ಆದರೆ ಹೋದದ್ದು ಅಮ್ಮ ಕೇಳಿದ ಒಂದು ಪ್ರಶ್ನೆಯಿಂದಾಗಿ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇವೆ.

2022ರ ಆಗಸ್ಟ್‌ನಲ್ಲಿ ಅಮ್ಮ ಹಿರಿಯೂರಿನಿಂದ ನಮ್ಮ ಫೀನಿಕ್ಸ್ ಮನೆಗೆ ಬಂದರು. ಬಂದು ಮೂರು ವಾರ ಆಗಿರಲಿಲ್ಲ, ಊರಿನಿಂದ ಫೋನು: ವಾಣಿವಿಲಾಸ ಸಾಗರ ಕೋಡಿ ಬಿದ್ದಿದೆ! ಆ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಾವು ಮಾರಿಕಣಿವೆ ಎಂದು ಕರೆಯುವ ಈ ಅಣೆಕಟ್ಟನ್ನು ವೇದಾವತಿ ನದಿಗೆ ಕಟ್ಟಿ ಮುಗಿಸಿದ್ದು 1907ರಲ್ಲಿ. 130 ಅಡಿ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಅದಾದ ಮೇಲೆ ಹರಿದದ್ದು 89 ವರ್ಷ ಕಳೆದು, 2022ರಲ್ಲಿ. ಅಮ್ಮ ಹುಟ್ಟಿದ್ದು ಈ ಎರಡರ ನಡುವೆ. "ಸಾಯೋದ್ರೊಳಗೆ ಒಂದ್ಸಲ ಕೋಡಿ ನೋಡ್ಬೇಕು" ಎಂದು ನಾವು ಚಿಕ್ಕವರಿದ್ದಾಗಿನಿಂದ ಹೇಳುತ್ತಿದ್ದವರು. ನೀರು ಧುಮುಕುವುದನ್ನು ಫೋನಿನಲ್ಲೇ ನೋಡಿ, ಅಲ್ಲಿಂದಲೇ ಕಣಿವೆ ಮಾರಮ್ಮನಿಗೆ ಕೈಮುಗಿದು, ಕಣ್ಣೊರೆಸಿಕೊಂಡು ಒಳಗೆ ಹೋದರು. ಟಿಕೆಟ್ ತೆಗೆಸಿ ಕರೆಸಿಕೊಂಡ ನಮಗೆ ಅಪರಾಧ ಮಾಡಿದಂತಾಯಿತು.

ನೀರಿನ ಮಾತು ನಮ್ಮ ಮನೆಯಲ್ಲಿ ಸುಲಭದ ಮಾತಲ್ಲ. ತಂದೆಯವರ ತೆಂಗಿನ ತೋಟಕ್ಕೆ ಮೊದಲು ತೆರೆದ ಬಾವಿ ಸಾಕಾಗಿತ್ತು. ಅದು ಬತ್ತಿದ ಮೇಲೆ 200 ಅಡಿಯ ಬೋರು, ಆಮೇಲೆ 450 ಅಡಿ, ಕೊನೆಗೆ 800 ಅಡಿ. ಕೊನೆಯದರಲ್ಲಿ ಬಂದದ್ದು ಬರೀ ಧೂಳು. ಕಣಿವೆಯಲ್ಲೂ ನೀರು ತಳ ಸೇರಿದ್ದ ಕಾಲ. ಸುಳಿ ಬಿದ್ದ ಮರಗಳನ್ನು ಕಡಿಸುವುದನ್ನು ನೋಡಿಯೇ ತಂದೆಯವರು ಹೋದರು.

ಅಕ್ಟೋಬರ್ ಬಂತು. ಇಲ್ಲಿ ಬೇಸಿಗೆಯ ಹುಲ್ಲು ಚಳಿಗೆ ಒಣಗುವ ಮುನ್ನ ಅದರ ಮೇಲೆ ರೈ ಹುಲ್ಲಿನ ಬೀಜ ಚೆಲ್ಲಿ, ಮೊಳೆಯುವವರೆಗೆ ದಿನಕ್ಕೆ ಮೂರು ನಾಲ್ಕು ಸಲ ನೀರು ಬಿಡುವುದು ವಾಡಿಕೆ. ನಾವೂ ಚೀಲ ತಂದಿಟ್ಟಿದ್ದೆವು. ಅಮ್ಮ ಕೇಳಿದರು: "ದನ ಇಲ್ಲ, ಕರ ಇಲ್ಲ, ಹುಲ್ಲು ಯಾಕ್ರಪ್ಪಾ? ಈ ನೀರು ಎಲ್ಲಿಂದ ಬರ್ತದೆ?"

ನಲ್ಲಿಯಿಂದ ಎಂದೆವು. "ನಲ್ಲಿಗೆ?" ಎಂದರು. ಇಪ್ಪತ್ತೆರಡು ವರ್ಷ ಇಲ್ಲಿ ಬಾಳಿದ ನಮ್ಮಲ್ಲಿ ನೆಟ್ಟಗೆ ಉತ್ತರವಿರಲಿಲ್ಲ. ವಾರದ ಕೊನೆಗೆ ಬುತ್ತಿ ಕಟ್ಟಿಕೊಂಡು ಹೂವರ್ ಅಣೆಕಟ್ಟೆಗೆ ಹೊರಟೆವು.

ಫೀನಿಕ್ಸಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 7 ಅಂಗುಲ. ಬರದ ನಾಡು ಎನ್ನಿಸಿಕೊಂಡ ನಮ್ಮ ಹಿರಿಯೂರಿನಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚು ಬೀಳುತ್ತದೆ! ಇಲ್ಲಿಗೆ ನೀರು ಬರುವುದು ಹತ್ತಿರದ ಸಾಲ್ಟ್ ಮತ್ತು ವರ್ಡೆ ನದಿಗಳಿಂದ, ಮತ್ತು ದೂರದ ಕೊಲರಾಡೊ ನದಿಯಿಂದ 336 ಮೈಲಿ ಉದ್ದದ ಕಾಲುವೆಯಲ್ಲಿ. ಕೊಲರಾಡೊಗೆ ಮಳೆಗಾಲವೆಂಬುದು ಹೆಸರಿಗಷ್ಟೆ. ರಾಕಿ ಪರ್ವತಗಳಲ್ಲಿ ಚಳಿಗಾಲದಲ್ಲಿ ಬಿದ್ದ ಹಿಮ ಏಪ್ರಿಲ್‌ನಿಂದ ಜುಲೈವರೆಗೆ ಕರಗಿ ಹರಿಯುತ್ತದೆ. ವರ್ಷದ ಆದಾಯವೆಲ್ಲ ಹೆಚ್ಚುಕಡಿಮೆ ಆ ನಾಲ್ಕು ತಿಂಗಳದ್ದೇ.

ಈ ಆದಾಯವನ್ನು ಹಂಚಿದ್ದು 1922ರಲ್ಲಿ. ಅದರ ಹಿಂದಿನ ಕೆಲವು ವರ್ಷಗಳಲ್ಲಿ ಒಳ್ಳೆಯ ಹರಿವಿತ್ತು. ಅದನ್ನೇ ನಂಬಿ ಏಳು ರಾಜ್ಯಗಳಿಗೆ 150 ಲಕ್ಷ ಎಕರೆ-ಅಡಿ ಬರೆದುಕೊಟ್ಟರು. (ಒಂದು ಎಕರೆಯ ಮೇಲೆ ಒಂದಡಿ ನಿಲ್ಲುವ ನೀರು ಒಂದು ಎಕರೆ-ಅಡಿ.) 1944ರಲ್ಲಿ ಮೆಕ್ಸಿಕೋ ದೇಶಕ್ಕೆ ಇನ್ನೂ 15 ಲಕ್ಷ. ಆದರೆ 2000ದಿಂದೀಚೆಗೆ ನದಿಯಲ್ಲಿ ಬರುತ್ತಿರುವುದು ಸರಾಸರಿ ಸುಮಾರು 125 ಲಕ್ಷ ಮಾತ್ರ. 2021ರಲ್ಲಂತೂ ಹಿಮ ಸಾಧಾರಣಕ್ಕಿಂತ ತುಸುವೇ ಕಡಿಮೆ ಬಿದ್ದಿದ್ದರೂ, ಕರಗುವ ಕಾಲದಲ್ಲಿ ಮೇಲಿನ ದೊಡ್ಡ ಜಲಾಶಯವಾದ ಲೇಕ್ ಪೊವೆಲ್‌ಗೆ ಬಂದದ್ದು ಮಾಮೂಲಿನ ಮೂರನೆಯ ಒಂದು ಪಾಲೂ ಅಲ್ಲ. ಬಿಸಿಲಿಗೆ ಬೆಂದಿದ್ದ ಮಣ್ಣೇ ಮೊದಲು ಕುಡಿದುಬಿಟ್ಟಿತ್ತು.

ಅಣೆಕಟ್ಟೆಯ ಮೇಲೆ ನಿಂತು ಅಮ್ಮ ಮಾತಾಡಲಿಲ್ಲ. ಲೇಕ್ ಮೀಡ್ ಜಲಾಶಯ ತುಂಬಿದ ಮಟ್ಟಕ್ಕಿಂತ 170 ಅಡಿಗೂ ಕೆಳಗಿತ್ತು. ನೀರಿದ್ದ ಎತ್ತರದವರೆಗೆ ಬಂಡೆಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಪಟ್ಟಿ. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "ಇದು ಖಾಲಿಯಾದರೆ ನೀವೂ ಬೋರು ಕೊರೀತೀರಾ?"

ಇಲ್ಲಿಯವರು ಕೊರೆದದ್ದಾಗಿದೆ, ಅಮ್ಮಾ! ಅಂತರ್ಜಲ ಎಳೆದು ಎಳೆದು ಅರಿಜೋನಾದ ಕೆಲವು ಕಡೆ ನೆಲವೇ 15 ಅಡಿಗಿಂತ ಹೆಚ್ಚು ಕುಸಿದಿದೆ. ಹಾಗೆ ಕುಗ್ಗಿದ ಜೇಡಿಪದರ ಮತ್ತೆ ಮೊದಲಿನಷ್ಟು ನೀರು ಹಿಡಿಯದು. 1980ರಲ್ಲಿ ಕಾನೂನು ಬಂತು. ಕಾಲುವೆಯ ನೀರನ್ನು ಮರಳಿನ ಹೊಂಡಗಳಲ್ಲಿ ನಿಲ್ಲಿಸಿ ಇಂಗಿಸುವ ಒಳ್ಳೆಯ ಕೆಲಸವೂ ನಡೆದಿದೆ. ಆದರೂ 2023ರ ಜೂನ್‌ನಲ್ಲಿ ರಾಜ್ಯದವರು, ನೂರು ವರ್ಷದ ಲೆಕ್ಕ ಹಾಕಿದರೆ ಫೀನಿಕ್ಸ್ ಸುತ್ತಿನ ಅಂತರ್ಜಲ ಸಾಲದು ಎಂದರು. ಅದೊಂದನ್ನೇ ನಂಬಿದ ಹೊಸ ಬಡಾವಣೆಗಳಿಗೆ ಒಪ್ಪಿಗೆ ನಿಲ್ಲಿಸಿದರು. ಆ ವರ್ಷ ಹಿಮ ಚೆನ್ನಾಗಿ ಬಿದ್ದು ಲೇಕ್ ಮೀಡ್ ಕೊಂಚ ಏರಿತು. ಒಂದು ವರ್ಷದ ಹಿಮ ಇಪ್ಪತ್ತು ವರ್ಷದ ಸಾಲ ತೀರಿಸೀತೆ?

ನಮ್ಮ ಮನೆಯಲ್ಲಿ ವಾದ ನಡೆಯಿತು. ಊರಿಗೆ ಊರೇ ಹಸಿರಾಗಿರುವಾಗ ನಮ್ಮ ಅಂಗಳ ಒಂದರಿಂದ ಏನಾದೀತು ಎಂದು ಒಬ್ಬರು. ತಂದೆಯವರ ಅಕ್ಕಪಕ್ಕದ ತೋಟದವರೂ ಹಾಗೇ ಅಂದುಕೊಂಡು ಬೋರು ಕೊರೆಸಿದ್ದು ಎಂದು ಇನ್ನೊಬ್ಬರು. ಕಡೆಗೆ ಬೀಜದ ಚೀಲ ಅಂಗಡಿಗೆ ವಾಪಸಾಯಿತು. ಈಗ ಅಲ್ಲಿ ಜಲ್ಲಿಕಲ್ಲು, ಈ ಮರುಭೂಮಿಯದೇ ಆದ ಒಂದು ಪಾಲೊ ವರ್ಡೆ ಮರ, ಅಮ್ಮನ ಹಟಕ್ಕೆ ಒಂದು ಕರಿಬೇವು. ಅದಕ್ಕೆ ಅಕ್ಕಿ ತೊಳೆದ ನೀರು.

ಅಮ್ಮ ಊರಿಗೆ ಹೋದೊಡನೆ ಕಣಿವೆಗೆ ಬಾಗಿನ ಕೊಟ್ಟು ಬಂದರು. ಫೋನಿನಲ್ಲಿ ಹೇಳಿದರು: "ಪಕ್ಕದವರ ಬೋರಿನಲ್ಲಿ ನೀರು ಮೇಲೆ ಬಂದದೆ ಕಣ್ರೋ. ನಮ್ಮಲ್ಲೂ ಬಂದಿರ್ತದೆ. ಮರವೇ ಇಲ್ಲ, ಅಷ್ಟೇ."

ಬರುವ ಬೇಸಿಗೆಗೆ ಊರಿಗೆ ಹೋಗುತ್ತಿದ್ದೇವೆ. ಹತ್ತು ತೆಂಗಿನ ಸಸಿ ಇಡಬೇಕೆಂದಿದ್ದೇವೆ. ನೀರಿನ ಲೆಕ್ಕ ಹಾಕಿ, ಹತ್ತೇ.