ನೀರಿನ ಮೇಲಣ ಅಡಿಗೆ

ವೇಂಬನಾಡು ಸರೋವರಕ್ಕೆ ಹೋದವರು ಸಾಮಾನ್ಯವಾಗಿ ದೋಣಿಯ ಮುಂಭಾಗದಲ್ಲಿ ಕುಳಿತು, ತೆಂಗಿನ ಸಾಲುಗಳನ್ನೂ ನೀರುಕಾಗೆಗಳನ್ನೂ ನೋಡಿ ಸಂತೋಷಪಡುವರು. ಆಲಪ್ಪುಳದಿಂದ ಹೊರಟ ನಾವಾದರೋ ಹಿಂಭಾಗದ ಅಡಿಗೆಯ ಕೋಣೆಯಲ್ಲಿಯೇ ಬಹಳ ಹೊತ್ತನ್ನು ಕಳೆದೆವು. ಗೃಹಿಣಿಯರು ತಿಳಿಯತಕ್ಕ ಸಂಗತಿಗಳು ಅಲ್ಲಿ ಕೆಲವಿದ್ದುವು.

ಈ ದೋಣಿಗೆ ಕೆಟ್ಟುವಳ್ಳವೆಂದು ಹೆಸರು. ಎಂದರೆ ಕಟ್ಟಿದ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ಗೋಡಂಬಿ ಸಿಪ್ಪೆಯ ಕಪ್ಪೆಣ್ಣೆಯನ್ನು ಬಳಿಯುವರು. ಹಿಂದೆ ಇವು ಕುಟ್ಟನಾಡಿನ ಅಕ್ಕಿಯನ್ನು ಕೊಚ್ಚಿಗೆ ಒಯ್ಯುತ್ತಿದ್ದುವು. ಈಗ ಯಾತ್ರಿಕರನ್ನು ಒಯ್ಯುತ್ತವೆ.

ಅಡಿಗೆಯ ಕೋಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದುದು ಕುಡಿಯುವ ನೀರಿನ ಡಬ್ಬಗಳ ಸಾಲು. ನಾಲ್ಕು ಕಡೆಗಳಲ್ಲಿಯೂ ನೀರಿರುವಾಗ ನೀರನ್ನು ಹೊತ್ತು ತರುವುದೇ ಎಂದು ವಾಚಕರು ಆಶ್ಚರ್ಯಪಡಬಹುದು. ಆದರೆ ಸರೋವರಕ್ಕೆ ಕಡಲಿನ ಉಪ್ಪುನೀರು ನುಗ್ಗುವುದು. ಸಮುದ್ರಮಟ್ಟಕ್ಕಿಂತ ಕೆಳಗಿರುವ ಗದ್ದೆಗಳನ್ನು ಉಳಿಸಲು 1970ರ ದಶಕದಲ್ಲಿ ತಣ್ಣೀರ್ಮುಕ್ಕಂ ಎಂಬಲ್ಲಿ ಅಡ್ಡಗಟ್ಟೆಯನ್ನು ಕಟ್ಟಿದರು. ಬೇಸಗೆಯಲ್ಲಿ ಅದರ ಬಾಗಿಲುಗಳನ್ನು ಮುಚ್ಚಿದಾಗ ಉಪ್ಪೇನೋ ತಡೆಯುವುದು; ಕೊಳೆಯೂ ಒಳಗೇ ನಿಲ್ಲುವುದು. ನಮ್ಮಂಥ ಯಾತ್ರಿಕರ ದೋಣಿಗಳ ಎಣ್ಣೆ ಕಸಗಳೂ ಅದಕ್ಕೆ ಸೇರುವುವು. ಹೀಗಾಗಿ ಒಂದು ತಂಬಿಗೆ ಒಳ್ಳೆಯ ನೀರಿಗೂ ಇಲ್ಲಿ ಬೆಲೆಯಿದೆ.

ಕುಟ್ಟನಾಡಿನ ಕೆಂಪು ಅಕ್ಕಿಯು ನಮ್ಮ ಕರಾವಳಿಯ ಕುಚ್ಚಲಕ್ಕಿಯ ಬಂಧು. ತೆರೆದ ಪಾತ್ರೆಯಲ್ಲಿ ಬೇಯಲು ಬಹಳ ನೀರನ್ನೂ ಉರಿಯನ್ನೂ ಬೇಡುವುದು. ಆದುದರಿಂದ ಅಡಿಗೆಯವನು ಪ್ರೆಷರ್ ಕುಕ್ಕರನ್ನು ಹಿಡಿದಿದ್ದನು. ಮುಚ್ಚಿದ ಪಾತ್ರೆಯಲ್ಲಿ ಆವಿಯು ಹೊರಹೋಗದೆ ಒತ್ತುವುದರಿಂದ, ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ಕಾಯುವುದು. ಅಕ್ಕಿ ಬೇಗ ಬೇಯುವುದು, ನೀರೂ ಉಳಿಯುವುದು. ಇಂತಹ ಪಾತ್ರೆಯನ್ನು 1679ರಲ್ಲಿ ಮೊದಲು ಮಾಡಿ ತೋರಿಸಿದವನು ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿದ್ವಾಂಸನು. ಅವನೂ ದೋಣಿಯ ಹುಚ್ಚಿನವನೇ! 1707ರಲ್ಲಿ ಜರ್ಮನಿಯ ಫುಲ್ಡಾ ನದಿಯಲ್ಲಿ ತಾನು ಮಾಡಿಸಿದ ಚಕ್ರದ ದೋಣಿಯನ್ನೇರಿ ಹೊರಟಾಗ, ಅಲ್ಲಿಯ ಅಂಬಿಗರು ಅದನ್ನು ಒಡೆದುಹಾಕಿದರು.

ದೋಣಿಯಲ್ಲಿ ಕುಕ್ಕರನ್ನು ಇಡುವುದಕ್ಕೂ ಜಾಣತನ ಬೇಕು. ಬೇರೊಂದು ದೋಣಿ ಹಾದುಹೋದರೆ ಅಲೆಯೆದ್ದು ಒಲೆಯೇ ಓಲಾಡುವುದು. ಅದಕ್ಕಾಗಿ ಪಾತ್ರೆಯು ಜಾರದಂತೆ ಒಲೆಯ ಸುತ್ತಲೂ ಕಬ್ಬಿಣದ ಸರಳುಗಳನ್ನು ಕಟ್ಟಿದ್ದರು. ಅಕ್ಕಿಬೇಳೆಗಳನ್ನು ನೀರೂ ಸೇರಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ನೊರೆ ಉಕ್ಕಿ ಆವಿಯ ದಾರಿ ಕಟ್ಟಿತೆಂದರೆ ಅಪಾಯ. ಇದಕ್ಕಿಂತ ಘೋರವಾದುದು ಅನಿಲದ ಸೋರಿಕೆ. ಅಡಿಗೆಯ ಅನಿಲವು ಗಾಳಿಗಿಂತ ಭಾರವಾದುದರಿಂದ ದೋಣಿಯ ತಳಕ್ಕಿಳಿದು ಅಲ್ಲಿಯೇ ನಿಲ್ಲುವುದು; ಒಂದು ಕಿಡಿ ಸಾಕು. ಅಡಿಗೆಯವನು ಪ್ರತಿ ಸಲವೂ ಒಲೆಯ ತಿರುಪನ್ನಲ್ಲದೆ ಸಿಲಿಂಡರಿನ ಬಾಯನ್ನೂ ಮುಚ್ಚುತ್ತಿದ್ದುದು ನಮಗೆ ಬಹಳ ಮೆಚ್ಚಿಕೆಯಾಯಿತು.

ರಾತ್ರಿ ಮೀನುಗಾರರು ಬಲೆ ಬಿಡುವರಾದುದರಿಂದ ಸಂಜೆಗೇ ದೋಣಿಯನ್ನು ದಡಕ್ಕೆ ಕಟ್ಟಿದರು. ಆವಿಯೆಲ್ಲ ತಾನಾಗಿ ಇಳಿದ ಮೇಲೆ ಮುಚ್ಚಳವನ್ನು ತೆಗೆದು ಅನ್ನವನ್ನು ಬಡಿಸಿದನು. ಅನ್ನವು ಹದವಾಗಿತ್ತು. ಗಂಜಿತಿಳಿಯಿಲ್ಲವೇ ಎಂದು ಕೇಳಿದೆವು.

“ಬಸಿಯುವಷ್ಟು ನೀರು ಇಲ್ಲೆಲ್ಲಿದೆ ಸ್ವಾಮಿ? ಗಂಜಿ ಬೇಕಾದರೆ ನಮ್ಮ ಮನೆಗೆ ಬನ್ನಿ” ಎಂದು ನಕ್ಕನು.