ಮಾತು ಮೊದಲು, ಮುಖ ಆಮೇಲೆ

ಆರ್ಕುಟ್ ಕಾಲದ ಗೆಳೆತನದಲ್ಲಿ ಒಬ್ಬರ ಮುಖ ಎಲ್ಲಕ್ಕಿಂತ ಕೊನೆಗೆ ಗೊತ್ತಾಗುತ್ತಿತ್ತು. 2004ರ ಜನವರಿಯಲ್ಲಿ ಶುರುವಾದ ಆ ಸಾಮಾಜಿಕ ಜಾಲತಾಣಕ್ಕೆ ಮೊದಮೊದಲು ಒಳಗಿದ್ದವರು ಕರೆದರೆ ಮಾತ್ರ ಪ್ರವೇಶ. ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕಕ್ಕೆ ದುಡ್ಡು ಕೊಟ್ಟು ಕೂತು ಬರೆಯುತ್ತಿದ್ದೆವು. ಅನೇಕ ಕಂಪ್ಯೂಟರುಗಳಲ್ಲಿ ಕನ್ನಡ ಬರೀ ಚೌಕಚೌಕವಾಗಿ ಕಾಣುತ್ತಿದ್ದುದರಿಂದ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ಫೋಟೋ ಇರಬೇಕಾದ ಜಾಗದಲ್ಲಿ ರಾಜ್‌ಕುಮಾರ್, ಶಂಕರ್‌ನಾಗ್, ಇಲ್ಲವೇ ಒಂದು ದಾಸವಾಳ. ಡಿಜಿಟಲ್ ಕ್ಯಾಮೆರಾ ಎಲ್ಲರ ಮನೆಯಲ್ಲಿ ಇರಲಿಲ್ಲ; ಇದ್ದ ಮನೆಯ ಹೆಣ್ಣುಮಕ್ಕಳೂ ಬಹುಪಾಲು ಫೋಟೋ ಹಾಕುತ್ತಿರಲಿಲ್ಲ. ಹಾಗಾಗಿ ನಮಗೆ ಸಿಗುತ್ತಿದ್ದದ್ದು ಮಾತು ಮಾತ್ರ. ತೇಜಸ್ವಿಯವರ ಯಾವ ಪುಸ್ತಕ ಇಷ್ಟ, ಕುಮಾರಪರ್ವತ ಹತ್ತುವಾಗ ಯಾರ ಕಾಲು ಉಳುಕಿತು, ಯಾರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ, ಇಂಥವು. ಹೆಸರಿನ ಜಾಗದಲ್ಲೂ ಅನೇಕರು ತಾವೇ ಇಟ್ಟುಕೊಂಡ ಹೆಸರು ಬರೆದಿರುತ್ತಿದ್ದರು. ಜಾತಿಯಾಗಲಿ ಸಂಬಳವಾಗಲಿ ಮುಂದೆ ಬಂದು ನಿಲ್ಲುತ್ತಿರಲಿಲ್ಲ. ನಮ್ಮ ಸಮಾಜದಲ್ಲಿ ಇದು ಸಣ್ಣ ಸಂಗತಿಯಲ್ಲ.

ಭೇಟಿಯಾಗೋಣ ಎಂಬ ಮಾತು ಬಂದಾಗ ಮಾತ್ರ ಮನೆಯವರು ಅಡ್ಡ ಬರುತ್ತಿದ್ದರು. "ಗುರುತಿಲ್ಲ, ಪರಿಚಯ ಇಲ್ಲ, ಅವರನ್ನ ಹೋಗಿ ನೋಡೋದು ಅಂದರೇನು?" ಎಂದು ಅಮ್ಮ. ಅಮ್ಮನ ತಮ್ಮನಿಗೆ ವಾರಪತ್ರಿಕೆಯ ಪತ್ರಮೈತ್ರಿ ಅಂಕಣದಿಂದ ಸಿಕ್ಕ ಗೆಳೆಯರೊಬ್ಬರು ಶಿರಸಿಯಲ್ಲಿದ್ದರು. ಅವರ ಮನೆಯ ಮದುವೆಗೆ ನಮ್ಮವರು ಹೋಗಿ ಬಂದದ್ದೂ ಉಂಟು. ಆದರೆ ಇನ್‌ಲ್ಯಾಂಡ್ ಕಾಗದಕ್ಕೆ ವಿಳಾಸವಿತ್ತು, ಕೈಬರಹವಿತ್ತು. ಆರ್ಕುಟ್ ಗೆಳೆಯರಿಗೆ ಅದೂ ಇಲ್ಲ. ಅಮ್ಮನ ಭಯಕ್ಕೆ ಕಾರಣವಿತ್ತು. ಹೆಣ್ಣುಮಕ್ಕಳ ಹೆಸರಿನಲ್ಲಿ ನಕಲಿ ಖಾತೆ ತೆರೆದು, ಅದರಲ್ಲಿ ಅವರ ಫೋನ್ ನಂಬರ್ ಹಾಕಿ ಕಾಟ ಕೊಟ್ಟ ಪ್ರಕರಣಗಳು ಆಗಲೇ ಪೊಲೀಸರವರೆಗೆ ಹೋಗಿದ್ದವು.

ನಾವೂ ಎಚ್ಚರದಿಂದಲೇ ಇದ್ದೆವು. ಹಗಲು ಹೊತ್ತಿನಲ್ಲೇ ಹೋಗಬೇಕು, ಜೊತೆಗೊಬ್ಬರು ಇರಬೇಕು, ಯಾರನ್ನು ಎಲ್ಲಿ ನೋಡುತ್ತೇವೆಂದು ಮನೆಯಲ್ಲಿ ಹೇಳಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅವರ ಸ್ಕ್ರ್ಯಾಪ್‌ಬುಕ್ ಓದಿರಬೇಕು. ಮೊದಲ ವರ್ಷಗಳಲ್ಲಿ ಒಬ್ಬರಿಗೆ ಬಂದ ಸ್ಕ್ರ್ಯಾಪುಗಳನ್ನು, ಅಂದರೆ ಸಂದೇಶಗಳನ್ನು, ಖಾತೆಯಿದ್ದ ಯಾರು ಬೇಕಾದರೂ ಓದಬಹುದಿತ್ತು. ಬೀಗತನಕ್ಕೆ ಮುಂಚೆ ಊರಲ್ಲಿ ನಾಲ್ಕು ಜನರನ್ನು ವಿಚಾರಿಸುವ ಹಾಗೆ, ಹಳೆಯ ಸ್ಕ್ರ್ಯಾಪುಗಳನ್ನೂ ಗೆಳೆಯರು ಬರೆದ ಟೆಸ್ಟಿಮೋನಿಯಲ್‌ಗಳನ್ನೂ ಓದಿ, ಈ ಮನುಷ್ಯ ಉಳಿದವರ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಎಂದು ತಿಳಿದುಕೊಳ್ಳುತ್ತಿದ್ದೆವು. ಎಲ್ಲರ ಕಣ್ಣಿಗೆ ಬೀಳುವ ಆ ಬಯಲೇ ನಮಗೆ ಜಾಮೀನು. ಖಾಸಗಿತನದ ಮಟ್ಟಿಗೆ ಅದು ಸರಿಯಲ್ಲ, ಒಪ್ಪುತ್ತೇನೆ. ಆದರೂ ಅಪರಿಚಿತರನ್ನು ನಂಬುವುದಕ್ಕೆ ಅಷ್ಟು ನೆರವಾದ ಏರ್ಪಾಡನ್ನು ಆಮೇಲೆ ಬಂದ ಯಾವ ತಾಣದಲ್ಲೂ ನಾನು ಕಾಣಲಿಲ್ಲ.

ಸೇರುವ ಜಾಗ ಬಹುಮಟ್ಟಿಗೆ ಬೆಂಗಳೂರಿನ ಗಾಂಧಿಬಜಾರು. ಅಂಕಿತ ಪುಸ್ತಕ ಮಳಿಗೆಯಲ್ಲಿ ಒಂದು ಸುತ್ತು, ಆಮೇಲೆ ವಿದ್ಯಾರ್ಥಿ ಭವನದ ಮುಂದೆ ದೋಸೆಗಾಗಿ ಕಾಯುವುದು. ಡಿಸೆಂಬರ್ ರಜೆಗೆ ಅಮೆರಿಕದಿಂದ ಬಂದವರು ಸೂಟ್‌ಕೇಸಿಗೆ ಹಿಡಿಸುವಷ್ಟು ಪುಸ್ತಕ ಕೊಳ್ಳುತ್ತಿದ್ದರು.

ಆ ಮೊದಲ ಭೇಟಿಗಳಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಮುಖವಲ್ಲ, ದನಿ. ಧಾರವಾಡದ ಗೆಳತಿಯ ಬರಹವನ್ನು ಅಷ್ಟು ಕಾಲ ನಾನು ನನ್ನದೇ ದನಿಯಲ್ಲಿ ಓದಿಕೊಂಡಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಎಲ್ಲ ಊರಿನವರ ಕನ್ನಡವೂ ಸಪಾಟಾಗಿ ಒಂದೇ ಥರ ಆಗಿಬಿಡುತ್ತಿತ್ತು. ಆಕೆ ಎದುರಿಗೆ ಬಂದು "ಅಯ್ಯ, ನೀವೇನ್ರಿ? ಎಷ್ಟೊತ್ತಾತು ಬಂದು?" ಎಂದದ್ದೇ ತಡ, ಓದಿದ್ದ ಮಾತುಗಳೆಲ್ಲ ಆ ರಾಗದಲ್ಲಿ ಮತ್ತೆ ಕೇಳತೊಡಗಿದವು. ಖಾರ ಎಂದುಕೊಂಡಿದ್ದ ಸಾಲುಗಳಲ್ಲಿ ಇದ್ದದ್ದು ಸಲಿಗೆ. ಓರಗೆಯವರೆಂದುಕೊಂಡು ನಾವು ಸಿನಿಮಾ ಹರಟುತ್ತಿದ್ದ ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಛತ್ರಿ ಹಿಡಿದು ಬಂದರು. ನಾವು ತಡಬಡಿಸಿ ಎದ್ದು ನಿಂತಾಗ "ಇಷ್ಟು ದಿನ ಇಲ್ಲದ ಸರ್ ಈಗ ಯಾಕಮ್ಮ?" ಎಂದರು. ಪುಟಗಟ್ಟಲೆ ಬರೆಯುತ್ತಿದ್ದ ಹುಡುಗನೊಬ್ಬ ಕಾಫಿ ಮುಗಿಯುವವರೆಗೂ ತಲೆಯೆತ್ತಲಿಲ್ಲ; ರಾತ್ರಿ ಮನೆ ಸೇರಿ ಉದ್ದನೆಯ ಸ್ಕ್ರ್ಯಾಪ್ ಬರೆದ. ಬರೆದವನು ಸುಳ್ಳು, ಕೂತಿದ್ದವನು ನಿಜ ಎಂದರೆ ನಾನು ಒಪ್ಪುವುದಿಲ್ಲ. ಎದುರಿಗೆ ಬಾಯಿ ಬಾರದವರಿಗೆ ಬರಹದಲ್ಲಿ ಸಿಕ್ಕ ದನಿಯೂ ಅವರದೇ.

"ನೀವು ಯಾವ ಪೈಕಿ?" ಎಂಬ ಪ್ರಶ್ನೆ ದೋಸೆ ಬರುವ ಮುಂಚೆ ಕೆಲವರ ಬಾಯಲ್ಲಿ ಬಂದೇ ಬರುತ್ತಿತ್ತು. ಆದರೆ ಅದು ಬಂದದ್ದು ತಡವಾಗಿ. ಸ್ನೇಹ ಆಗಿಹೋಗಿತ್ತು. ಉತ್ತರ ಕೇಳಿ ಆ ಸ್ನೇಹವನ್ನು ವಾಪಸು ಪಡೆದವರನ್ನು ನಾನು ಕಾಣೆ. ಇದೇ ಪ್ರಶ್ನೆ ಮೊದಲು ಬಂದಿದ್ದರೆ ನಮ್ಮಲ್ಲಿ ಎಷ್ಟೋ ಜನ ಒಂದು ಮೇಜಿಗೆ ಕೂರುತ್ತಲೇ ಇರಲಿಲ್ಲ.

ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬ ತಂದೆಯನ್ನು ಹೃದಯದ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಕರೆತಂದಾಗ, ರಕ್ತ ಕೊಡಲು ಬಂದ ಆರ್ಕುಟ್ ಗೆಳೆಯರಲ್ಲಿ ಹಲವರನ್ನು ಅವನು ಅದುವರೆಗೆ ಕಂಡೇ ಇರಲಿಲ್ಲ. ಬನಶಂಕರಿಯಿಂದ ಒಬ್ಬರು ದಿನಾ ಕ್ಯಾರಿಯರ್‌ನಲ್ಲಿ ಊಟ ತಂದರು. ಅವನ ತಾಯಿ ಸಂಕೋಚದಿಂದ "ಇವರು ನಮಗೇನ್ ಆಗಬೇಕೋ?" ಎಂದು ಕೇಳಿದರು. "ನಮ್ಮೋರೇ, ಅವ್ವಾ" ಎಂದ. ಅದಕ್ಕಿಂತ ಸರಿಯಾದ ಉತ್ತರ ನಮಗೂ ಗೊತ್ತಿರಲಿಲ್ಲ.

2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. ಅಲ್ಲಿ ಪರಿಚಯವಾಗಿ, ಆಮೇಲೆ ಎದುರೆದುರು ಕಂಡವರ ಜೊತೆ ನನ್ನ ಬಳಕೆ ಇಂದಿಗೂ ಇದೆ. ಬರೀ ಗೆಳೆಯರ ಪಟ್ಟಿಯಲ್ಲಿ ಉಳಿದವರು ತಾಣದ ಜೊತೆಗೇ ಹೋದರು. ಈಗ ಮುಖ ಮೊದಲು ಬರುತ್ತದೆ, ವಿಡಿಯೋದಲ್ಲಿ ದನಿಯೂ ಬರುತ್ತದೆ. ಸಾವಿರ ಜನರನ್ನು ದಿನಾ ನೋಡುವ ನಮ್ಮ ಮಕ್ಕಳು ಅವರಲ್ಲೊಬ್ಬರನ್ನೂ ಮನೆಗೆ ಕರೆದು ಊಟಕ್ಕೆ ಕೂರಿಸಿಲ್ಲ ಎಂದರೆ ನನಗೆ ಸಂಕಟವಾಗುತ್ತದೆ. ನೀವು ವರ್ಷಗಳಿಂದ ಓದುತ್ತ, ಮೆಚ್ಚುತ್ತ, ಜಗಳವಾಡುತ್ತ ಬಂದವರೊಬ್ಬರು ಇದ್ದರೆ, ಅವರ ಊರಿನ ಕಡೆ ಹೋಗುವಾಗ ಒಂದು ಮಾತು ತಿಳಿಸಿ. ಹಗಲು ಹೊತ್ತಿನಲ್ಲಿ, ಜನವಿರುವ ಜಾಗದಲ್ಲಿ, ಮನೆಯಲ್ಲಿ ಹೇಳಿಯೇ ಹೋಗಿ. ಆದರೆ ಹೋಗಿ ಕಂಡುಬನ್ನಿ.